ತೂಕದ ಜೊತೆ ಉದ್ದವನ್ನೂ ಬರೆಯಿರಿ: ಕರಾವಳಿಯ ಮೀನಿನ ವಯಸ್ಸು, ಬೆಳವಣಿಗೆ ತಿಳಿಯುವ ಬಗೆ

ಕಾರವಾರದ ಬೈತಖೋಲ್ ಬಂದರಿಗೆ, ಮೀನಿನ ಗುಂಪನ್ನೇ ಸುತ್ತಿ ಹಿಡಿಯುವ ಪರ್ಸೀನ್ ಬೋಟು ಬಂದು ನಿಂತರೆ ಎರಡೇ ಪ್ರಶ್ನೆ: ಎಷ್ಟು ಟನ್ ಬಿತ್ತು, ದರ ಎಷ್ಟು ಹೋಯಿತು. ಬೋಟು ನಡೆಸುವ ತಂಡೇಲನ ಚೀಟಿಯಲ್ಲೂ ಅಷ್ಟೇ, ಏಜೆಂಟನ ಪುಸ್ತಕದಲ್ಲೂ ಅಷ್ಟೇ. ಆ ಟನ್ನಿನೊಳಗೆ ಇದ್ದದ್ದು ಆರು ತಿಂಗಳ ಮರಿ ಬಂಗಡೆಯೋ, ಒಂದೆರಡು ಸಲ ಮೊಟ್ಟೆಯಿಟ್ಟ ತಾಯಿ ಮೀನೋ ಎಂಬುದು ಅಲ್ಲಿ ದಾಖಲಾಗುವುದಿಲ್ಲ. ಊರಿನ ಜನಸಂಖ್ಯೆ ಎಷ್ಟೆಂದು ಗೊತ್ತು, ಆದರೆ ಅದರಲ್ಲಿ ಮಕ್ಕಳೆಷ್ಟು, ದುಡಿಯುವ ಪ್ರಾಯದವರೆಷ್ಟು, ಮುದುಕರೆಷ್ಟು ಎಂದು ಗೊತ್ತಿಲ್ಲ ಎಂದ ಹಾಗಾಯಿತು ಇದು. ಹಿಡುವಳಿಯ, ಅಂದರೆ ಹಿಡಿದು ತಂದ ಮೀನಿನ, ತೂಕ ಹಲವು ವರ್ಷ ಏರುತ್ತಲೇ ಇರಬಹುದು. ಅದೇ ಹೊತ್ತಿಗೆ ಸಮುದ್ರದಲ್ಲಿ ದೊಡ್ಡ ಮೀನು ಖಾಲಿಯಾಗುತ್ತಲೂ ಇರಬಹುದು. ತೂಕ ನೋಡಿದರೆ ಇದು ತಿಳಿಯುವುದಿಲ್ಲ, ಉದ್ದ ನೋಡಿದರೆ ತಿಳಿಯುತ್ತದೆ.

ಉದ್ದ ಅಳೆಯಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಒಂದು ಹಲಗೆ, ಒಂದು ಸ್ಕೇಲು, ಒಂದು ನೋಟ್‌ಬುಕ್, ಒಂದು ವರ್ಷದ ತಾಳ್ಮೆ ಸಾಕು. ಮಾಜಾಳಿಯಿಂದ ಭಟ್ಕಳದವರೆಗೆ ಯಾವುದೇ ಮೀನುಗಾರರ ಸಹಕಾರ ಸಂಘ, ಕಾಲೇಜಿನ ಜೀವಶಾಸ್ತ್ರ ವಿಭಾಗ, ಬಂದರಿನ ಪಕ್ಕದ ಪ್ರೌಢಶಾಲೆ ಇದನ್ನು ಮಾಡಬಹುದು, ಮಾಡಬೇಕು ಎನ್ನುವುದು ನನ್ನ ಗಟ್ಟಿ ನಂಬಿಕೆ.

ಮರಿ ಹಿಡಿದರೆ ಹೋಗುವುದೇನು

ಕೆಲಸಕ್ಕೆ ಇಳಿಯುವ ಮೊದಲು ಒಂದು ಲೆಕ್ಕ ಮನಸ್ಸಿನಲ್ಲಿರಲಿ. ಮುಂದೆ ಬರುವ ಅಂಕಿಗಳೆಲ್ಲ ಲೆಕ್ಕ ತೋರಿಸಲು ನಾನು ಇಟ್ಟುಕೊಂಡವು. ಬಂಗಡೆಯಂಥ ಬೇಗ ಬೆಳೆಯುವ ಮೀನಿಗೆ ಹೊಂದುವ ಹಾಗಿವೆ, ಆದರೆ ನಿಮ್ಮ ಬಂದರಿನ ಅಂಕಿಗಳನ್ನು ನೀವೇ ಕಂಡುಕೊಳ್ಳಬೇಕು.

ಮೀನಿನ ಉದ್ದ ಒಂದೂವರೆ ಪಟ್ಟಾದರೆ ತೂಕ ಒಂದೂವರೆ ಪಟ್ಟಾಗುವುದಿಲ್ಲ, ಮೂರು ಪಟ್ಟಿಗೂ ಮಿಕ್ಕಿ ಆಗುತ್ತದೆ. ಉದ್ದದ ಜೊತೆ ಅಗಲ, ದಪ್ಪ ಎರಡೂ ಬೆಳೆಯುವುದರಿಂದ ತೂಕ ಉದ್ದದ ಘನಕ್ಕೆ ಸರಿಯಾಗಿ ಏರುತ್ತದೆ. 13.5 ಸೆಂ.ಮೀ. ಬಂಗಡೆ ಸುಮಾರು 25 ಗ್ರಾಂ ತೂಗಿದರೆ 21 ಸೆಂ.ಮೀ. ಬಂಗಡೆ 93 ಗ್ರಾಂ ಸಮೀಪ ತೂಗುತ್ತದೆ. ಮೊದಲನೆಯದು ಆರು ತಿಂಗಳದ್ದು, ಎರಡನೆಯದು ಒಂದು ವರ್ಷದ್ದು ಎಂದುಕೊಳ್ಳಿ. ಈಗ ಬಲೆಗೆ ಬಿದ್ದ 1,000 ಮರಿಗಳನ್ನು ಹಿಡಿಯದೆ ಬಿಟ್ಟಿರೆಂದು ಭಾವಿಸಿ. ಎಲ್ಲವೂ ಬದುಕುವುದಿಲ್ಲ. ಇಸ್ವಣ (ಅಂಜಲ್) ತಿನ್ನುತ್ತದೆ, ಡಾಲ್ಫಿನ್ ತಿನ್ನುತ್ತದೆ, ರೋಗ ಬರುತ್ತದೆ. ಆರು ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತು 407 ಉಳಿದವೆನ್ನೋಣ. ಆಗಲೂ ಅವುಗಳ ಒಟ್ಟು ತೂಕ 38 ಕೆ.ಜಿ. ಹತ್ತಿರ ಬರುತ್ತದೆ. ಅಂದು ಹಿಡಿದಿದ್ದರೆ ಸಿಗುತ್ತಿದ್ದದ್ದು 25 ಕೆ.ಜಿ. ಮಾತ್ರ. ಮರಿ ಬಂಗಡೆಗೂ ತುಂಬಿದ ಬಂಗಡೆಗೂ ಇರುವ ದರದ ಅಂತರವನ್ನು ಇದಕ್ಕೆ ಸೇರಿಸಿಲ್ಲ.

ಬೆಳೆಯಬಹುದಾದ ತೂಕವನ್ನು ಹೀಗೆ ಮೊದಲೇ ಹಿಡಿದು ಕಳೆದುಕೊಳ್ಳುವುದು ಅತಿಮೀನುಗಾರಿಕೆಯ ಒಂದು ಬಗೆ. ಇನ್ನೊಂದು ಬಗೆ ಇದಕ್ಕಿಂತ ಘೋರ. ಮೊಟ್ಟೆಯಿಡುವ ಮೀನೇ ಸಾಲದಾಗಿ ಮುಂದಿನ ವರ್ಷದ ಮರಿಗಳೇ ಹುಟ್ಟದಿರುವುದು. ಕರ್ನಾಟಕದ ಕರಾವಳಿಯಲ್ಲಿ ಸಮುದ್ರದ ಕ್ಯಾಟ್‌ಫಿಶ್‌ಗೆ ಆದದ್ದು ಅದೇ. ಈ ಮೀನಿನ ಹೆಣ್ಣು ಇಡುವುದು ಗೋಲಿಯಷ್ಟು ದೊಡ್ಡ, ಎಣಿಕೆಗೆ ಸಿಗುವಷ್ಟು ಕಡಿಮೆ ಮೊಟ್ಟೆಗಳನ್ನು. ಅವನ್ನು ಮರಿಯಾಗುವ ತನಕ ಬಾಯಲ್ಲಿ ಹೊತ್ತು ಕಾಯುವುದು ಗಂಡು. 1970ರ ದಶಕದ ಕೊನೆಗೆ ಪರ್ಸೀನ್ ಬಲೆಗಳು ಬಂದ ಮೇಲೆ, ಹೀಗೆ ಮೊಟ್ಟೆ ಹೊತ್ತು ಗುಂಪುಗೂಡಿದ ಗಂಡುಗಳು ರಾಶಿರಾಶಿಯಾಗಿ ಬಲೆಗೆ ಬಿದ್ದವು. ಒಂದು ಮೀನಿನ ಜೊತೆ ಒಂದು ಸಂಸಾರವೇ ದಡಕ್ಕೆ ಬಂತು. ಆ ಮೀನುಗಾರಿಕೆ ಕುಸಿದು ಬಿತ್ತು. ಬೇಗ ಬೆಳೆದು ಸಾವಿರಾರು ಮೊಟ್ಟೆಯಿಡುವ ತಾರ್ಲೆ (ಬೂತಾಯಿ) ಒಂದೆರಡು ಒಳ್ಳೆಯ ಮಳೆಗಾಲದಲ್ಲಿ ಚೇತರಿಸಿಕೊಂಡೀತು, ನಿಧಾನವಾಗಿ ಬೆಳೆಯುವ ಮೀನಿಗೆ ಆ ಶಕ್ತಿಯಿಲ್ಲ. ಯಾವ ಮೀನು ಈ ಎರಡರಲ್ಲಿ ಯಾವ ಬಗೆಗೆ ಸೇರಿದ್ದು ಎಂದು ಮೊದಲೇ ಗೊತ್ತಿದ್ದರೆ ಕಾಪಾಡಲು ದಾರಿಯಿರುತ್ತದೆ.

ಒಂದೇ ಮೀನು, ಒಂದೇ ಬಂದರು, ಒಂದೇ ಬಲೆ

ಶುರುವಿನಲ್ಲಿ ಎಲ್ಲ ಮೀನನ್ನೂ ಅಳೆಯುವ ಆಸೆ ಬೇಡ. ಒಂದನ್ನು ಆರಿಸಿ. ಕಾರವಾರ, ಅಂಕೋಲಾ ಕಡೆಯವರಿಗೆ ನಾನು ಹೇಳುವುದು ಬಂಗಡೆಯನ್ನೇ. ವರ್ಷದ ಬಹುಪಾಲು ಸಿಗುತ್ತದೆ, ಗುರುತು ತಪ್ಪುವ ಮಾತಿಲ್ಲ, ಬೇಗ ಬೆಳೆಯುವುದರಿಂದ ತಿಂಗಳಿಂದ ತಿಂಗಳಿಗೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ದಡದಿಂದ ಎಳೆಯುವ ರಂಪಣಿ ಬಲೆಯ ಕಾಲದಿಂದಲೂ ಈ ದಂಡೆಯ ಹೆಸರು ಬಂಗಡೆಯ ಜೊತೆ ಸೇರಿಕೊಂಡಿದೆ. ಅಘನಾಶಿನಿ ಅಥವಾ ಶರಾವತಿಯ ಅಳಿವೆಯ ಹತ್ತಿರ ಇರುವವರಿಗೆ ನೋಗಲಿ (ಕಾಣೆ) ಒಳ್ಳೆಯದು. ಟ್ರಾಲ್ ಬೋಟು ಹೆಚ್ಚಿರುವ ತದಡಿಯಲ್ಲಿ ರಾಣಿ ಮೀನು ಆರಿಸಬಹುದು. ಇಸ್ವಣ ಆರಿಸಿದರೆ ಕೆಲಸ ಕಷ್ಟ, ದುಬಾರಿ. ಆದರೆ ಒಂದು ಮೀಟರ್ ದಾಟಿ ಬೆಳೆಯುವ, 60 ಸೆಂ.ಮೀ. ಮೀರಿದ ಮೇಲಷ್ಟೇ ಮೊಟ್ಟೆಯಿಡುವ ಆ ಮೀನಿನ ಅಂಗೈ ಉದ್ದದ ಮರಿಗಳು ಪೇಟೆಯ ಬುಟ್ಟಿಯಲ್ಲಿ ಕಾಣುವಾಗ ಯಾರಾದರೂ ಅದನ್ನು ಅಳೆಯಲೇಬೇಕು ಅನಿಸುತ್ತದೆ.

ಮೀನಿಗಿಂತ ಮುಖ್ಯ ಬಲೆ. ಪಟ್ಟಬಲೆಗೆ ಒಂದು ಗಾತ್ರದ ಮೀನೇ ಹೆಚ್ಚು ಸಿಕ್ಕಿಬೀಳುತ್ತದೆ. ಸಣ್ಣದು ಬಲೆಯ ಕಣ್ಣಿನ ಮೂಲಕ ನುಸುಳುತ್ತದೆ, ದೊಡ್ಡದು ತಲೆ ತೂರದೆ ತಿರುಗಿ ಹೋಗುತ್ತದೆ. ಟ್ರಾಲ್ ಬಲೆಯ ಬುಡದ ಚೀಲಕ್ಕೆ ಬಿದ್ದ ಚಿಕ್ಕಪುಟ್ಟದ್ದೆಲ್ಲ ಬರುತ್ತದೆ. ಪರ್ಸೀನ್ ಗುಂಪನ್ನೇ ಸುತ್ತುತ್ತದೆ, ಗುಂಪು ಸಾಮಾನ್ಯವಾಗಿ ಒಂದೇ ಗಾತ್ರದ್ದು. ಹಾಗಾಗಿ ಅಕ್ಟೋಬರ್‌ನಲ್ಲಿ ಪರ್ಸೀನ್ ಮೀನು, ಜನವರಿಯಲ್ಲಿ ಪಟ್ಟಬಲೆ ಮೀನು ಅಳೆದು ಹೋಲಿಸಿದರೆ ನೀವು ಅಳೆದದ್ದು ಬಲೆಯ ಕಣ್ಣನ್ನೇ ಹೊರತು ಮೀನಿನ ಬೆಳವಣಿಗೆಯನ್ನಲ್ಲ. ಒಂದೇ ಬಗೆಯ ಬಲೆಗೆ ಅಂಟಿಕೊಳ್ಳಿ. ಎರಡು ಬಲೆ ಅಳೆಯುವ ಶಕ್ತಿಯಿದ್ದರೆ ಎರಡು ಬೇರೆ ಪುಸ್ತಕ ಇಡಿ. ಪ್ರತಿ ದಿನದ ಪುಟದ ಮೇಲ್ಭಾಗದಲ್ಲಿ ದಿನಾಂಕ, ಬಂದರು, ಬಲೆಯ ಬಗೆ, ಬಲೆಯ ಕಣ್ಣಿನ ಅಳತೆ, ಹಿಡಿದ ಜಾಗದ ಆಳ, ಒಟ್ಟು ಹಿಡುವಳಿ, ಸಮುದ್ರದಲ್ಲಿ ಕಳೆದ ದಿನಗಳು ಇಷ್ಟು ಇರಲೇಬೇಕು.

ಹಲಗೆಯ ಮೇಲೆ

ಹರಾಜಿಗೆ ಮೊದಲು, ವಿಂಗಡಣೆಗೂ ಮೊದಲು ಹೋಗಿ. ದೊಡ್ಡದು ಒಂದು ಕಡೆ, ಸಣ್ಣದು ಒಂದು ಕಡೆ ಬೇರ್ಪಟ್ಟ ಮೇಲೆ ತೆಗೆದ ಮಾದರಿ ಕೆಲಸಕ್ಕೆ ಬಾರದು. ಬೇರೆಬೇರೆ ಕ್ರೇಟುಗಳಿಂದ ಬೊಗಸೆಗಟ್ಟಲೆ ಎತ್ತಿಕೊಳ್ಳಿ. ಹೆಕ್ಕಬೇಡಿ. ಕೈ ತಾನಾಗಿ ದೊಡ್ಡ ಮೀನಿಗೇ ಹೋಗುತ್ತದೆ, ಅದನ್ನು ತಡೆಯುವ ಉಪಾಯ ಒಂದೇ: ಎತ್ತಿಕೊಂಡ ಪಾಲನ್ನು ಕೊನೆಯ ಮೀನಿನವರೆಗೆ ಅಳೆಯುವುದು. ಒಂದು ಸಲಕ್ಕೆ 50ರಿಂದ 100 ಮೀನು, ತಿಂಗಳಲ್ಲಿ ಮೂರ್ನಾಲ್ಕು ಸಲ ಆದರೆ ಸಾಕು. ಅಳೆದ ಮೀನುಗಳ ಒಟ್ಟು ತೂಕವನ್ನೂ ಬರೆಯಿರಿ. 600 ಕೆ.ಜಿ. ಹಿಡುವಳಿಯಲ್ಲಿ ನೀವು ಅಳೆದದ್ದು 6 ಕೆ.ಜಿ. ಆದರೆ, ಹಲಗೆಯ ಮೇಲಿನ ಒಂದು ಮೀನು ಬೋಟಿನ ನೂರು ಮೀನಿಗೆ ಸಮ ಎಂದು ಆಮೇಲೆ ಗುಣಿಸಿಕೊಳ್ಳಬಹುದು.

ಅಳತೆಯ ಹಲಗೆ ಮನೆಯಲ್ಲೇ ಆಗುತ್ತದೆ. ಎರಡಡಿ ಉದ್ದದ ಹಲಗೆಯ ಒಂದು ತುದಿಗೆ ಅಡ್ಡಪಟ್ಟಿ ಹೊಡೆದು, ಆ ಪಟ್ಟಿಗೆ ಸೊನ್ನೆ ತಾಗುವಂತೆ ಸ್ಟೀಲ್ ಸ್ಕೇಲು ಕೂರಿಸಿ. ಮೀನಿನ ಬಾಯಿ ಮುಚ್ಚಿರಬೇಕು, ಮೂತಿ ಪಟ್ಟಿಗೆ ತಾಗಿರಬೇಕು, ಮೈ ನೆಟ್ಟಗೆ ಮಲಗಿರಬೇಕು. ಮಂಜುಗಡ್ಡೆಯಲ್ಲಿ ಸೆಟೆದ ಮೀನು ಬಿಲ್ಲಿನಂತೆ ಬಾಗಿರುತ್ತದೆ. ಅಂಗೈಯಿಂದ ಒತ್ತಿ ನೇರ ಮಾಡಿ. ಬಾಲದ ಉದ್ದನೆಯ ತುದಿಯವರೆಗೆ ಅಳೆದರೆ ಒಟ್ಟು ಉದ್ದ, ಬಾಲದ ಕವಲಿನ ನಡುವಿಗೆ ಅಳೆದರೆ ಕವಲು ಉದ್ದ. ಯಾವುದಾದರೂ ಸರಿ, ವರ್ಷವಿಡೀ ಒಂದೇ ಇರಲಿ. ಬಾಲ ಮುರಿದದ್ದನ್ನು ಬಿಟ್ಟುಬಿಡಿ.

ಒದ್ದೆ ಕೈಯಲ್ಲಿ ಬರೆಯುವುದು ರಗಳೆಯ ಕೆಲಸ. ಹಿಂದಿನಿಂದ ಬಂದ ಒಂದು ವಿಧಾನ ಇವತ್ತಿಗೂ ಚೆನ್ನ: ಹಲಗೆಯ ಮೇಲೆ ಸೆಂಟಿಮೀಟರ್ ಗೆರೆ ಹಾಕಿದ ಪ್ಲಾಸ್ಟಿಕ್ ಹಾಳೆ ಹಾಸಿ, ಪ್ರತಿ ಮೀನಿನ ಬಾಲದ ತುದಿ ಬರುವಲ್ಲಿ ದಬ್ಬಣದಿಂದ ಒಂದು ಚುಚ್ಚು. ನೂರು ಮೀನು ಹತ್ತಿಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ, ಹರಾಜಿಗೆ ಅಡ್ಡಿಯಿಲ್ಲ, ಮೀನಿಗೂ ಹಾನಿಯಿಲ್ಲ. ಮನೆಗೆ ಬಂದು ಹಾಳೆಯನ್ನು ಬೆಳಕಿಗೆ ಹಿಡಿದರೆ ತೂತುಗಳು ಎಲ್ಲಿ ದಟ್ಟ, ಎಲ್ಲಿ ತೆಳು ಎಂದು ಎಣಿಸುವ ಮೊದಲೇ ಕಾಣುತ್ತದೆ. ಆಮೇಲೆ ಅರ್ಧ ಸೆಂ.ಮೀ.ಗೆ ಒಂದು ವರ್ಗದಂತೆ ಎಣಿಸಿ ಪುಸ್ತಕಕ್ಕೆ ಇಳಿಸಿ. ಪೆನ್ಸಿಲ್ ಬಳಸಿ, ಉಪ್ಪುನೀರಿಗೆ ಇಂಕು ಉಳಿಯುವುದಿಲ್ಲ.

ಮೀನು ಮಾರುವ ಹೆಂಗಸರಿಗೆ, ಖಲಾಸಿಗಳಿಗೆ ನೀವು ಮಾಡುತ್ತಿರುವುದು ಏನೆಂದು ಮೊದಲ ದಿನವೇ ಹೇಳಿ. ದಂಡ ಹಾಕಲು ಬಂದವರೆಂಬ ಅನುಮಾನ ಒಮ್ಮೆ ಹುಟ್ಟಿತೆಂದರೆ ಸಣ್ಣ ಮೀನಿನ ಕ್ರೇಟು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಗಾಬೋಳಿ ನೋಡುವುದು

ಅಳೆದವುಗಳಲ್ಲಿ ಪ್ರತಿ ಗಾತ್ರದಿಂದ ಐದಾರು ಕೊಂಡು ಹೊಟ್ಟೆ ಸೀಳಿ ನೋಡಿ. ಗಂಡೋ ಹೆಣ್ಣೋ, ಗಾಬೋಳಿ (ಮೊಟ್ಟೆಯ ಗಡ್ಡೆ) ಯಾವ ಹಂತದಲ್ಲಿದೆ ಎಂದು ಬರೆಯಿರಿ. ತಜ್ಞರು ಏಳು ಹಂತ ಗುರುತಿಸುತ್ತಾರೆ, ಕಲಿಯುವವರಿಗೆ ಮೂರು ಸಾಕು. ದಾರದಂತೆ ತೆಳುವಾಗಿ, ಕಾಳು ಕಾಣದಂತಿದ್ದರೆ ಬಲಿಯದ ಮೀನು. ಹಳದಿ ಅಥವಾ ಕೆಂಪು ಮಿಶ್ರಿತವಾಗಿ ಹೊಟ್ಟೆಯ ಅರ್ಧಕ್ಕಿಂತ ಹೆಚ್ಚು ತುಂಬಿ, ಬರಿಗಣ್ಣಿಗೆ ಕಾಳು ಕಂಡರೆ ಬಲಿತದ್ದು. ಜೋಲುಬಿದ್ದ, ರಕ್ತಗೆಂಪಿನ ಖಾಲಿ ಚೀಲದಂತಿದ್ದರೆ ಮೊಟ್ಟೆಯಿಟ್ಟು ಮುಗಿಸಿದ್ದು. ಯಾವ ಉದ್ದದಲ್ಲಿ ಅರ್ಧದಷ್ಟು ಹೆಣ್ಣುಗಳು ಬಲಿತಿರುತ್ತವೋ ಅದು ಆ ಮೀನಿನ ಮೊದಲ ಪ್ರಾಯದ ಉದ್ದ. ಇದನ್ನು ಲೆಕ್ಕ ಹಾಕಲು ಮೊಟ್ಟೆಯಿಡುವ ಕಾಲದ ಮೀನೇ ಬೇಕು. ತಾರ್ಲೆ, ಬಂಗಡೆ ಎರಡೂ ಹೆಚ್ಚಾಗಿ ಮಳೆಗಾಲದ ಸುತ್ತಮುತ್ತ ಮೊಟ್ಟೆಯಿಡುತ್ತವೆ. ಆದ್ದರಿಂದ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ 61 ದಿನಗಳ ನಿಷೇಧ ಇರುವಾಗ ನಾಡದೋಣಿಗಳು ದಡದ ಹತ್ತಿರ ತರುವ ಮೀನು ನಿಮಗೆ ಬಹಳ ಬೆಲೆಯುಳ್ಳದ್ದು.

ಗಾತ್ರದ ಇನ್ನೊಂದು ಮಾತು ಇಲ್ಲೇ ಸೇರಿಸುತ್ತೇನೆ. ದೊಡ್ಡ ಹೆಣ್ಣು ಸಣ್ಣ ಹೆಣ್ಣಿಗಿಂತ ಬಹಳ ಹೆಚ್ಚು ಮೊಟ್ಟೆಯಿಡುತ್ತದೆ, ಹಲವು ಜಾತಿಗಳಲ್ಲಿ ಹೆಚ್ಚು ದಿನ ಹರಡಿಕೊಂಡು ಇಡುತ್ತದೆ. ಮಳೆ ಹೆಚ್ಚುಕಡಿಮೆಯಾಗಿ, ಸಮುದ್ರದ ತಳದ ತಣ್ಣೀರು ಮೇಲೇಳುವುದು ಹಿಂದುಮುಂದಾಗಿ ಒಂದು ತಿಂಗಳ ಮರಿಗಳು ಸತ್ತರೂ ಇನ್ನೊಂದು ತಿಂಗಳವು ಬದುಕುತ್ತವೆ. ಹಿರಿಯ ಮೀನುಗಳೇ ಇಲ್ಲದ ಗುಂಪಿಗೆ ಈ ಆಸರೆ ಇಲ್ಲ, ಒಂದು ಕೆಟ್ಟ ಮಳೆಗಾಲವೂ ಅದಕ್ಕೆ ದೊಡ್ಡ ಪೆಟ್ಟು.

ಕಿವಿಗಲ್ಲು

ಮೀನಿನ ತಲೆಯೊಳಗೆ ಸುಣ್ಣದ ಕಲ್ಲುಗಳಿರುತ್ತವೆ, ಮೂರು ಜೊತೆ. ಸಮತೋಲ ಕಾಯಲು, ಸದ್ದು ಗ್ರಹಿಸಲು ಮೀನಿಗೆ ಅವು ಬೇಕು. ಮೂಳೆ ಕರಗಬಹುದು, ಹುರುಪೆ ಉದುರಿ ಮತ್ತೆ ಹುಟ್ಟಬಹುದು, ಈ ಕಲ್ಲು ಮಾತ್ರ ಹುಟ್ಟಿದ ದಿನದಿಂದ ಪದರದ ಮೇಲೆ ಪದರ ಸೇರಿಸಿಕೊಳ್ಳುತ್ತಲೇ ಹೋಗುತ್ತದೆ. 1971ರಲ್ಲಿ ವಿಜ್ಞಾನಿ ಜಾರ್ಜೋ ಪನೆಲ್ಲಾ ಇದರಲ್ಲಿ ದಿನದಿನದ ಗೆರೆಗಳೂ ಇವೆ ಎಂದು ತೋರಿಸಿದ ಮೇಲೆ ಮರಿ ಮೀನಿನ ವಯಸ್ಸನ್ನು ದಿನಗಳಲ್ಲಿ ಎಣಿಸುವುದು ಸಾಧ್ಯವಾಯಿತು.

ಕಲಿಯಲು ಕ್ರೋಕರ್ ಜಾತಿಯ ಮೀನು ಹಿಡಿಯಿರಿ, ಅದರ ಕಲ್ಲು ದೊಡ್ಡದು, ಗಟ್ಟಿ. ತಲೆಯನ್ನು ಎಡಗೈಯಲ್ಲಿ ಭದ್ರವಾಗಿ ಹಿಡಿದು, ಕಣ್ಣಿನ ಮೇಲಿನಿಂದ ಹಿಂದಕ್ಕೆ ಹರಿತ ಚೂರಿಯಲ್ಲಿ ತಲೆಬುರುಡೆಯ ಮುಚ್ಚಳ ತೆಗೆಯಿರಿ. ಮೆದುಳನ್ನು ಚಿಮಟದಿಂದ ಎತ್ತಿದರೆ ಅದರ ಕೆಳಗೆ, ತುಸು ಹಿಂದೆ, ಎಡಬಲದ ಕುಳಿಗಳಲ್ಲಿ ಬಿಳಿ ಕಲ್ಲೆರಡು ಕೂತಿರುತ್ತವೆ. ಪೊರೆ ಬಿಡಿಸಿ, ತೊಳೆದು, ಒಣಗಿಸಿ, ಮೀನಿನ ಸಂಖ್ಯೆ ಬರೆದ ಕಾಗದದ ಲಕೋಟೆಗೆ ಹಾಕಿ. ನೋಡುವಾಗ ಕಪ್ಪು ತಟ್ಟೆಯಲ್ಲಿ ಗ್ಲಿಸರಿನ್ ಹನಿಯೊಳಗೆ ಮುಳುಗಿಸಿ, ಮೇಲಿನಿಂದ ಬೆಳಕು ಬಿಟ್ಟರೆ ಬಿಳಿ ಪಟ್ಟೆ, ಕಪ್ಪು ಪಟ್ಟೆ ಒಂದಾದ ಮೇಲೊಂದು ಕಾಣುತ್ತವೆ. ದಪ್ಪ ಕಲ್ಲಾದರೆ ರಾಳದಲ್ಲಿ ಹೂತು, ನಡುವಿಗೆ ಕೊಯ್ದು, ಉಜ್ಜಿ ತೆಳು ಮಾಡಬೇಕು. ಬಂಗಡೆ, ತಾರ್ಲೆಯ ಕಲ್ಲುಗಳು ಕೆಲವೇ ಮಿಲಿಮೀಟರ್ ಉದ್ದದ ನಾಜೂಕಿನವು. ಅವುಗಳ ದಿನಗೆರೆ ಎಣಿಸುವುದು ಒಳ್ಳೆಯ ಸೂಕ್ಷ್ಮದರ್ಶಕ, ಪಳಗಿದ ಕೈ ಇರುವವರ ಕೆಲಸ.

ಒಂದು ಎಚ್ಚರಿಕೆ. ಚಳಿ ದೇಶಗಳಲ್ಲಿ ಚಳಿಗಾಲಕ್ಕೆ ಬೆಳವಣಿಗೆ ನಿಂತು ವರ್ಷಕ್ಕೊಂದು ಪಟ್ಟೆ ಖಾತ್ರಿಯಾಗಿ ಮೂಡುತ್ತದೆ. ನಮ್ಮ ಸಮುದ್ರಕ್ಕೆ ಅಂಥ ಚಳಿಗಾಲವಿಲ್ಲ. ಇಲ್ಲಿ ಪಟ್ಟೆ ಮೂಡಿಸುವುದು ಮಳೆಗಾಲದ ತಣ್ಣೀರು ಇರಬಹುದು, ಮೊಟ್ಟೆಯಿಡುವ ಆಯಾಸ ಇರಬಹುದು, ವರ್ಷಕ್ಕೆ ಎರಡು ಸಲವೂ ಮೂಡಬಹುದು. ಹಾಗಾಗಿ ಎರಡು ಪಟ್ಟೆ ಕಂಡ ಕೂಡಲೇ ಎರಡು ವರ್ಷ ಎಂದು ಬರೆಯಬೇಡಿ. ಹನ್ನೆರಡು ತಿಂಗಳೂ ಕಲ್ಲು ಸಂಗ್ರಹಿಸಿ, ಹೊರ ಅಂಚಿನಲ್ಲಿ ಕಪ್ಪು ಪಟ್ಟೆ ಯಾವ ತಿಂಗಳಲ್ಲಿ ಕಾಣುತ್ತದೆ ಎಂದು ನೋಡಿ. ವರ್ಷದಲ್ಲಿ ಒಂದೇ ಕಾಲದಲ್ಲಿ ಕಂಡರೆ ಮಾತ್ರ ಅದು ವರ್ಷದ ಗುರುತು.

ಗ್ರಾಫ್ ಹಾಳೆಯಲ್ಲಿ ಒಂದು ವರ್ಷ

ಕಲ್ಲು ಓದಲು ಆಗದವರಿಗೆ ಉದ್ದದ ಪುಸ್ತಕವೇ ವಯಸ್ಸು ಹೇಳುತ್ತದೆ. ಡೆನ್ಮಾರ್ಕಿನ ವಿಜ್ಞಾನಿ ಪೀಟರ್ಸನ್ 1890ರ ದಶಕದಲ್ಲೇ ಈ ದಾರಿ ಹಾಕಿಕೊಟ್ಟರು. ಪ್ರತಿ ತಿಂಗಳಿಗೆ ಒಂದು ಕಂಬನಕ್ಷೆ: ಅಡ್ಡಕ್ಕೆ ಉದ್ದದ ವರ್ಗ, ಮೇಲಕ್ಕೆ ಮೀನಿನ ಸಂಖ್ಯೆ. ಸೆಪ್ಟೆಂಬರ್‌ನಿಂದ ಮೇವರೆಗಿನ ನಕ್ಷೆಗಳನ್ನು ಒಂದರ ಕೆಳಗೊಂದು ಗೋಡೆಗೆ ಅಂಟಿಸಿ. ಒಟ್ಟಿಗೆ ಹುಟ್ಟಿದ ಮೀನುಗಳು ಒಂದು ದಿಬ್ಬವಾಗಿ ಕಾಣುತ್ತವೆ. ತಿಂಗಳು ಕಳೆದಂತೆ ಆ ದಿಬ್ಬ ಬಲಕ್ಕೆ ಸರಿಯುತ್ತದೆ. ಸರಿದ ದೂರವೇ ಬೆಳವಣಿಗೆ.

ಒಂದು ದಿಬ್ಬದ ತುದಿ ನಾಲ್ಕು ತಿಂಗಳಲ್ಲಿ 12, 13.7, 15.2, 16.6 ಸೆಂ.ಮೀ. ಎಂದು ಸರಿಯಿತು ಎನ್ನಿ. ಮೊದಲ ತಿಂಗಳು 1.7, ಎರಡನೇ ತಿಂಗಳು 1.5, ಮೂರನೇ ತಿಂಗಳು 1.4 ಸೆಂ.ಮೀ. ಬೆಳೆದಿದೆ. ಬೆಳೆದಂತೆ ಬೆಳವಣಿಗೆಯ ವೇಗ ಕುಗ್ಗುತ್ತದೆ. 1938ರಲ್ಲಿ ಜೀವವಿಜ್ಞಾನಿ ಫಾನ್ ಬರ್ಟಲಾನ್ಫಿ ಸೂತ್ರಕ್ಕೆ ಇಳಿಸಿದ್ದು ಇದನ್ನೇ. ಹೊಸ ಗ್ರಾಫ್ ಹಾಳೆ ತೆಗೆದು ಅಡ್ಡಕ್ಕೆ ಆ ತಿಂಗಳ ಸರಾಸರಿ ಉದ್ದ, ಮೇಲಕ್ಕೆ ವರ್ಷಕ್ಕೆ ಲೆಕ್ಕ ಹಾಕಿದ ವೇಗ (ತಿಂಗಳ ಬೆಳವಣಿಗೆ ಗುಣಿಸು 12) ಹಾಕಿ. 12.85 ಸೆಂ.ಮೀ.ನಲ್ಲಿ ವೇಗ 20.4, 15.9 ಸೆಂ.ಮೀ.ನಲ್ಲಿ 16.8. ಬಿಂದುಗಳ ನಡುವೆ ಗೆರೆ ಎಳೆದು ಕೆಳಕ್ಕೆ ಮುಂದುವರಿಸಿ. ಗೆರೆ ಅಡ್ಡ ಅಕ್ಷಕ್ಕೆ ತಾಗುವಲ್ಲಿ ಬೆಳವಣಿಗೆ ಸೊನ್ನೆ. ಇಲ್ಲಿ ಅದು ಸುಮಾರು 30 ಸೆಂ.ಮೀ. ಅದು ಆ ಮೀನಿನ ತುದಿ ಉದ್ದ. ಗೆರೆಯ ಇಳಿಜಾರು ಸುಮಾರು 1.2, ಅದು ಬೆಳವಣಿಗೆಯ ದರ, ಪುಸ್ತಕಗಳಲ್ಲಿ ಕೆ ಎಂದು ಕರೆಯುವುದು. ಈ ಎರಡು ಅಂಕಿ ಕೈಗೆ ಬಂದರೆ ಯಾವ ಉದ್ದಕ್ಕೆ ಎಷ್ಟು ತಿಂಗಳು ಎಂದು ಹೇಳಬಹುದು: 6 ತಿಂಗಳಿಗೆ 13.5, ವರ್ಷಕ್ಕೆ 21, ಎರಡು ವರ್ಷಕ್ಕೆ 27.3 ಸೆಂ.ಮೀ. ಕಂಪ್ಯೂಟರ್ ಬಲ್ಲವರು ಈ ಲೆಕ್ಕಕ್ಕೆಂದೇ ಇರುವ ಫಿಸಾಟ್ ಅಥವಾ ಟ್ರಾಪ್‌ಫಿಶ್‌ಆರ್ ತಂತ್ರಾಂಶ ಬಳಸಬಹುದು, ಎರಡೂ ಉಚಿತ. ಆದರೂ ಮೊದಲ ವರ್ಷ ಕೈಯಲ್ಲೇ ಗೆರೆ ಎಳೆಯಿರಿ ಎನ್ನುತ್ತೇನೆ. ಯಾವ ದಿಬ್ಬವನ್ನು ಯಾವ ದಿಬ್ಬಕ್ಕೆ ಜೋಡಿಸಬೇಕೆಂಬ ವಿವೇಚನೆ ಬರುವುದು ಹಾಗೆಯೇ. ಬಂಗಡೆ ಒಂದೇ ವಾರದಲ್ಲಿ ಮೊಟ್ಟೆಯಿಟ್ಟು ಮುಗಿಸುವುದಿಲ್ಲ; ಒಂದರ ಹಿಂದೆ ಒಂದು ಮರಿಗಳ ಗುಂಪು ಬರುತ್ತದೆ, ದಿಬ್ಬಗಳು ಬೆರೆತುಕೊಳ್ಳುತ್ತವೆ. ಬಂಗಡೆ ಮೊದಲ ವರ್ಷಕ್ಕೆ ಎಷ್ಟು ಉದ್ದ ಬೆಳೆಯುತ್ತದೆ ಎಂಬುದರ ಬಗ್ಗೆ ಹಳೆಯ ಅಧ್ಯಯನಗಳಿಗೂ ಆಮೇಲಿನವಕ್ಕೂ ದೊಡ್ಡ ಅಂತರವಿರುವುದಕ್ಕೆ ಈ ಜೋಡಣೆಯ ತೊಡಕೂ ಒಂದು ಕಾರಣ.

ಒಂದು ಸೆಂಟಿಮೀಟರ್ ಇಳಿದರೆ

ಈಗ ಮೀನುಗಾರಿಕೆಯ ಒತ್ತಡದ ಲೆಕ್ಕ. ವಿಜ್ಞಾನಿಗಳಾದ ಬೆವರ್ಟನ್ ಮತ್ತು ಹೋಲ್ಟ್ 1950ರ ದಶಕದಲ್ಲಿ ಕೊಟ್ಟ ಸೂತ್ರ ಪಾಕೆಟ್ ಕ್ಯಾಲ್ಕುಲೇಟರಿಗೆ ಸಾಕಾಗುವಷ್ಟು ಸರಳ. ನಿಮ್ಮ ಬಲೆಗೆ ಪೂರ್ತಿಯಾಗಿ ಸಿಕ್ಕಲು ಶುರುವಾಗುವ ಉದ್ದ ಯಾವುದೆಂದು ವರ್ಷದ ನಕ್ಷೆಯಲ್ಲಿ ನೋಡಿ. 16 ಸೆಂ.ಮೀ. ಎನ್ನೋಣ. ಅದಕ್ಕಿಂತ ದೊಡ್ಡ ಮೀನುಗಳ ಸರಾಸರಿ ಉದ್ದ ತೆಗೆಯಿರಿ. ತುದಿ ಉದ್ದದಿಂದ ಈ ಸರಾಸರಿಯನ್ನು ಕಳೆಯಿರಿ. ಸರಾಸರಿಯಿಂದ 16 ಕಳೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ 1.2ರಿಂದ ಗುಣಿಸಿ. ಬರುವುದು ಒಟ್ಟು ಸಾವಿನ ದರ. ಇದು ಶೇಕಡಾ ಲೆಕ್ಕವಲ್ಲ, ಹೋಲಿಸಿ ನೋಡುವ ಅಂಕಿ.

ಸರಾಸರಿ 20 ಸೆಂ.ಮೀ. ಇದ್ದರೆ: 10 ಭಾಗಿಸು 4, ಗುಣಿಸು 1.2, ಅಂದರೆ 3.0. ಸರಾಸರಿ 19ಕ್ಕೆ ಇಳಿದರೆ: 11 ಭಾಗಿಸು 3, ಗುಣಿಸು 1.2, ಅಂದರೆ 4.4. ಕಿರುಬೆರಳಿನ ಉಗುರಿನಷ್ಟು ವ್ಯತ್ಯಾಸಕ್ಕೆ ಸಾವಿನ ದರ ಹೆಚ್ಚುಕಡಿಮೆ ಒಂದೂವರೆ ಪಟ್ಟಾಯಿತು. ಹಲಗೆಯ ಮೇಲೆ ಮೂತಿ ಸರಿಯಾಗಿ ತಾಗಿರಲಿ ಎಂದು ಅಷ್ಟು ಒತ್ತಿ ಹೇಳಿದ್ದು ಇದಕ್ಕೇ.

ಇದರಲ್ಲಿ ಸಹಜ ಸಾವಿನ ಪಾಲು ಕಳೆಯಬೇಕು. ಒರಟು ಅಂದಾಜಿಗೆ ಅದನ್ನು ಕೆ ಅಂಕಿಯ ಒಂದೂವರೆ ಪಟ್ಟು ಎಂದು ಹಿಡಿಯಬಹುದು, ಇಲ್ಲಿ 1.8. ಉಳಿದದ್ದು ಬಲೆಯ ಪಾಲು: ಮೊದಲ ಉದಾಹರಣೆಯಲ್ಲಿ 1.2, ಎರಡನೆಯದರಲ್ಲಿ 2.6. ಒಟ್ಟು ಸಾವಿನಲ್ಲಿ ಬಲೆಯ ಪಾಲು ಮೊದಲನೆಯದರಲ್ಲಿ 0.4, ಎರಡನೆಯದರಲ್ಲಿ 0.59. ಅರ್ಧವನ್ನು, ಅಂದರೆ 0.5 ಅನ್ನು, ದಾಟಿದರೆ ಒತ್ತಡ ಜಾಸ್ತಿಯಾಯಿತು ಎಂಬುದು ವಿಜ್ಞಾನಿ ಗಲ್ಯಾಂಡ್ ಕಾಲದಿಂದ ಬಂದ ಒರಟು ಮಾಪಕ. ತಾರ್ಲೆಯಂಥ ಸಣ್ಣ ಮೀನಿಗೆ ಇದಕ್ಕಿಂತ ಕಡಿಮೆಯೇ ಕ್ಷೇಮ ಎನ್ನುವವರ ಪಕ್ಷ ನನ್ನದು, ಏಕೆಂದರೆ ಅದನ್ನು ತಿಂದೇ ಬದುಕುವ ಮೀನುಗಳು ಬಹಳ.

ಇಷ್ಟೂ ಲೆಕ್ಕ ಬೇಡ ಎನ್ನುವವರು ಮೂರು ಪ್ರಮಾಣ ಬರೆದಿಡಲಿ. ಹಿಡಿದವುಗಳಲ್ಲಿ ಮೊದಲ ಪ್ರಾಯ ದಾಟಿದವು ಶೇಕಡಾ ಎಷ್ಟು, ತುದಿ ಉದ್ದದ ಮೂರನೇ ಎರಡು ಭಾಗದ ಆಸುಪಾಸಿನವು ಎಷ್ಟು, ಅದನ್ನೂ ಚೆನ್ನಾಗಿ ದಾಟಿದ ಹಿರಿಯ ಮೀನುಗಳು ಎಷ್ಟು. ಮೊದಲನೆಯದು ನೂರರ ಹತ್ತಿರ ಇರುವುದು ಒಳ್ಳೆಯದು. ಮೂರನೆಯದು ವರ್ಷದಿಂದ ವರ್ಷಕ್ಕೆ ಸೊನ್ನೆಯತ್ತ ಜಾರುತ್ತಿದ್ದರೆ ಗುಂಪಿನ ಬುಡ ಅಲುಗುತ್ತಿದೆ ಎಂದರ್ಥ.

ತಪ್ಪು ಓದುವುದು ಬಹಳ ಸುಲಭ

ಸರಾಸರಿ ಉದ್ದ ಇಳಿಯಲು ಎರಡು ಕಾರಣಗಳಿರುತ್ತವೆ, ಅವು ಒಂದಕ್ಕೊಂದು ವಿರುದ್ಧ. ಬಲೆ ಹಿರಿಯರನ್ನು ಖಾಲಿ ಮಾಡಿದಾಗಲೂ ಇಳಿಯುತ್ತದೆ. ಒಳ್ಳೆಯ ಮಳೆಗಾಲದ ನಂತರ ಮರಿಗಳು ದಂಡುದಂಡಾಗಿ ಬಂದಾಗಲೂ ಇಳಿಯುತ್ತದೆ. ಮೊದಲನೆಯದು ಕೆಟ್ಟ ಸುದ್ದಿ, ಎರಡನೆಯದು ಒಳ್ಳೆಯದು. ಬೇರ್ಪಡಿಸುವುದು ಹೇಗೆ? ಸರಾಸರಿಯನ್ನು ಬಿಟ್ಟು ಹಿರಿಯ ಮೀನುಗಳ ಸಂಖ್ಯೆ ನೋಡಿ: ಒಂದು ಬೋಟು ಒಂದು ದಿನ ಸಮುದ್ರಕ್ಕೆ ಹೋದರೆ 22 ಸೆಂ.ಮೀ. ಮೇಲ್ಪಟ್ಟವು ಎಷ್ಟು ಬಂದವು ಎಂದು. ಆ ಸಂಖ್ಯೆ ನಿಂತಿದ್ದು ಸರಾಸರಿ ಮಾತ್ರ ಇಳಿದಿದ್ದರೆ ಮರಿಗಳ ಸುಗ್ಗಿ. ಆ ಸಂಖ್ಯೆಯೇ ಇಳಿದಿದ್ದರೆ ಒತ್ತಡ. ಸಮುದ್ರದಲ್ಲಿ ಕಳೆದ ದಿನಗಳನ್ನು, ಒಟ್ಟು ಹಿಡುವಳಿಯನ್ನು ಪುಟದ ಮೇಲ್ಭಾಗದಲ್ಲಿ ಬರೆಯಲು ಹೇಳಿದ್ದು ಈ ಭಾಗಾಕಾರಕ್ಕಾಗಿ.

ಇನ್ನೂ ಇದೆ. ಅಕ್ಟೋಬರ್ ಮೀನು ಸಣ್ಣದೇ ಇರುತ್ತದೆ. ಅದನ್ನು ಹಿಂದಿನ ಅಕ್ಟೋಬರ್ ಜೊತೆ ಹೋಲಿಸಬೇಕು, ಮಾರ್ಚ್ ಜೊತೆ ಅಲ್ಲ. ಸಾವಿನ ದರದ ಸೂತ್ರಕ್ಕೆ ಇಡೀ ವರ್ಷದ ಮೀನನ್ನು ಒಟ್ಟು ಮಾಡಿಯೇ ಹಾಕಬೇಕು. ಮೀನು ಬಹಳ ಹೆಚ್ಚಿದ ವರ್ಷ ಆಹಾರ ಹಂಚಿಹೋಗಿ ಬೆಳವಣಿಗೆಯೇ ನಿಧಾನವಾಗಬಹುದು, ಆಗ ಸಣ್ಣ ಮೀನೆಂದರೆ ಎಳೆ ಮೀನು ಎನ್ನಲಾಗದು. ಇಂಥ ಅನುಮಾನ ಬಂದಾಗ ನಾಲ್ಕು ಮೀನಿನ ಹೊಟ್ಟೆ ಸೀಳಿ ಗಾಬೋಳಿ ನೋಡುವುದು, ಕಿವಿಗಲ್ಲು ತೆಗೆದಿಡುವುದು ಕೈಹಿಡಿಯುತ್ತದೆ.

ಎಲ್ಲದಕ್ಕೂ ಬಲೆಯನ್ನೇ ದೂರುವುದೂ ಸರಿಯಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ತಾರ್ಲೆ 2021ರಲ್ಲಿ 3,297 ಟನ್ನಿಗೆ ಬಿತ್ತು. ಅದರಲ್ಲಿ ಮರಿ ಹಿಡಿದದ್ದರ ಪಾಲೂ ಇದೆ, ಸಮುದ್ರ ಬಿಸಿಯೇರಿದ್ದರ ಪಾಲೂ ಇದೆ. ಆದರೆ ನಮ್ಮ ಕೈಯಲ್ಲಿರುವುದು ಮೊದಲನೆಯದು ಮಾತ್ರ.

ಪುಸ್ತಕ ತುಂಬಿದ ಮೇಲೆ

ಮೊದಲ ನಕ್ಷೆ ತೋರಿಸಬೇಕಾದದ್ದು ಯಾರ ಮೀನು ಅಳೆದಿರೋ ಆ ಬೋಟಿನವರಿಗೆ. 25 ಕೆ.ಜಿ.ಗೂ 38 ಕೆ.ಜಿ.ಗೂ ಇರುವ ಅಂತರವನ್ನು ಅವರದೇ ಬಂದರಿನ ಅಂಕಿ, ಅವರದೇ ದರ ಹಾಕಿ ರೂಪಾಯಿಯಲ್ಲಿ ಹೇಳಿ. ಫಿಶ್‌ಮೀಲ್‌ಗೆ (ಮೀನಿನ ಪುಡಿಗೆ) ಹೋಗುವ ಸಣ್ಣ ಮೀನಿನ ರಾಶಿಯಲ್ಲಿ ಬಂಗಡೆ, ರಾಣಿ ಮೀನಿನ ಮರಿ ಎಷ್ಟು ಎಂದು ಒಮ್ಮೆ ಎಣಿಸಿ ತೋರಿಸಿ. ಕೇರಳದಲ್ಲಿ ತಾರ್ಲೆಗೆ 10 ಸೆಂ.ಮೀ., ಬಂಗಡೆಗೆ 14 ಸೆಂ.ಮೀ. ಎಂದು ಹಿಡಿಯಬಹುದಾದ ಕನಿಷ್ಠ ಗಾತ್ರ ನಿಗದಿಯಾಗಿದೆ. ನಿಮ್ಮ ಬಂದರಿನ ಹಿಡುವಳಿಯಲ್ಲಿ ಆ ಗೆರೆಯ ಕೆಳಗೆ ಎಷ್ಟು ಬಿದ್ದಿವೆ ಎಂಬುದು ಸಂಘದ ಸಭೆಯಲ್ಲಿ ಚರ್ಚೆಗೆ ಇಡಬಹುದಾದ ಅಂಕಿ. ಟ್ರಾಲ್ ಬಲೆಯ ಚೀಲಕ್ಕೆ ಚೌಕ ಕಣ್ಣು ಹಾಕುವ ಮಾತೂ ಅಲ್ಲಿ ಬರಲಿ. ವಜ್ರಾಕಾರದ ಕಣ್ಣು ಎಳೆದಾಗ ಮುಚ್ಚಿಕೊಳ್ಳುತ್ತದೆ, ಚೌಕ ಕಣ್ಣು ತೆರೆದೇ ಇದ್ದು ಮರಿಗೆ ದಾರಿ ಬಿಡುತ್ತದೆ. ಒಂದೇ ಬೋಟು ಎರಡೂ ಬಗೆಯ ಚೀಲ ಹಾಕಿ ಬಂದರೆ ಹಲಗೆ ಹಿಡಿದು ನಿಲ್ಲಿ, ಎರಡು ಹಾಳೆಯ ತೂತುಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

ವರ್ಷದ ಪುಸ್ತಕದ ಪ್ರತಿಯನ್ನು ಕಾರವಾರದ ಸಿಎಂಎಫ್‌ಆರ್‌ಐ (ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ಕೇಂದ್ರಕ್ಕೂ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗಕ್ಕೂ ಕೊಡಿ. ಕೊಡುವಾಗ ಬರೀ ಸರಾಸರಿ ಕೊಡಬೇಡಿ, ಒಂದೊಂದು ಮೀನಿನ ಉದ್ದವನ್ನೂ, ಬಲೆಯ ಕಣ್ಣಿನ ಅಳತೆಯನ್ನೂ ಸೇರಿಸಿ ಕೊಡಿ. ನಿಮ್ಮ ಪ್ರತಿ ನಿಮ್ಮಲ್ಲೇ ಇರಲಿ: ಆಗಸ್ಟ್‌ನಲ್ಲಿ ಬೋಟುಗಳು ಮತ್ತೆ ಕಡಲಿಗಿಳಿಯುವಾಗ ಎರಡನೇ ವರ್ಷದ ಮೊದಲ ಹಾಳೆಯನ್ನು ಅದೇ ಬಲೆ, ಅದೇ ಬಂದರಿನ ಹಳೆಯ ಹಾಳೆಯ ಮೇಲೆ ಇಟ್ಟೇ ಓದಬೇಕು.